ಬಟಿಕ್ ಮಾರಿ ಊರು ಕಟ್ಟಿದವರು: ಚೋಳಮಂಡಲಕ್ಕೆ ಹೋಗಿ ಬಂದೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕಲಾ ವಿಮರ್ಶಕ ಅಲ್ಲ. ಬೆಂಗಳೂರಿನ ಸುಲ್ತಾನ್ ಪೇಟೆ ಪಕ್ಕದ ಒಂದು ಗಲ್ಲಿಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡಿರುವವನು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಾಂಬೂಲದ ಚೀಲ, ಇಷ್ಟೇ ನನ್ನ ಪ್ರಪಂಚ. ಯಾವ ಚಿತ್ರ ನೋಡಿದರೂ ಮೊದಲು 'ಇದಕ್ಕೆ ಎಷ್ಟು ಬಣ್ಣ, ಎಷ್ಟು ಸ್ಕ್ರೀನು' ಅಂತ ಲೆಕ್ಕ ಹಾಕುವ ಚಾಳಿ. ಹಾಗಾಗಿ ಚೆನ್ನೈ ಹೊರಗಿನ ಚೋಳಮಂಡಲ ಕಲಾವಿದರ ಗ್ರಾಮದ ಬಗ್ಗೆ ನಾನು ಇಲ್ಲಿ ಬರೆಯುವುದನ್ನು ಒಬ್ಬ ಅಂಗಡಿಯವನ ಮಾತು ಅಂತಲೇ ಓದಿಕೊಳ್ಳಿ.

ಹೋಗಬಹುದಾ? ಖಂಡಿತ ಹೋಗಬಹುದು. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಕಡಿಮೆ ಆಗಿದ್ದು ಚೆನ್ನೈ ಬಿಸಿಲಿಗೆ, ಗ್ರಾಮದ್ದೇನೂ ತಪ್ಪಿಲ್ಲ. ಮೇ ತಿಂಗಳಲ್ಲಿ ಹೋದವನ ಬುದ್ಧಿಗೆ ಯಾರು ಹೊಣೆ?

ಹೋದ ಕಾರಣ ಮದುವೆ. ನನ್ನ ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆ ಚೆನ್ನೈಯಲ್ಲಿ ಇತ್ತು, ಕಾರ್ಡು ನಮ್ಮ ಅಂಗಡಿಯದೇ, ದುಡ್ಡು ಇನ್ನೂ ಬಂದಿಲ್ಲ, ಅದು ಬೇರೆ ಕತೆ. ಮದುವೆ ಮುಗಿದ ಮಾರನೇ ದಿನ ರಾತ್ರಿ ರೈಲಿನ ತನಕ ಇಡೀ ದಿನ ಖಾಲಿ. ಅವಳಿಗೆ ಮಹಾಬಲಿಪುರಂ ನೋಡಬೇಕು. ನನಗೆ ಚೋಳಮಂಡಲ ನೋಡಬೇಕು. ಎರಡೂ ಒಂದೇ ರಸ್ತೆಯಲ್ಲಿವೆ, ಈಸ್ಟ್ ಕೋಸ್ಟ್ ರಸ್ತೆ. ತಿರುವಾನ್ಮಿಯೂರು ದಾಟಿ ದಕ್ಷಿಣಕ್ಕೆ ಹೋದರೆ ಮೊದಲು ಇಂಜಂಬಾಕ್ಕಂ ಸಿಗುತ್ತದೆ, ಮಹಾಬಲಿಪುರಂ ಇನ್ನೂ ದೂರ. ಹಾಗಾಗಿ ಜಗಳ ಆಗಲಿಲ್ಲ. "ಅರ್ಧ ಗಂಟೆ ಕಣ್ರೀ, ಜಾಸ್ತಿ ನಿಲ್ಲಬೇಡಿ" ಅಂದಳು. ನಾವು ಅಲ್ಲಿ ಮೂರು ಗಂಟೆ ಇದ್ದೆವು, ಮತ್ತೆ ಅದಕ್ಕೆ ಕಾರಣ ನಾನಲ್ಲ.

ನನಗೆ ಈ ಊರಿನ ಹೆಸರು ಗೊತ್ತಾಗಿದ್ದು 2018ರಲ್ಲಿ. ಪ್ಯಾಲೇಸ್ ರಸ್ತೆಯಲ್ಲಿ ಒಬ್ಬ ಗಿರಾಕಿಗೆ ಕಾರ್ಡಿನ ಬಂಡಲ್ ಕೊಟ್ಟು ಬರುವಾಗ ಮಳೆ ಹಿಡಿಯಿತು. ಎದುರಿಗೆ ಮಾಣಿಕ್ಯವೇಲು ಮಹಲು, ಅಂದರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಸುಮ್ನೆ ಮಳೆ ನಿಲ್ಲುವವರೆಗೆ ಅಂತ ಒಳಗೆ ಹೋದೆ. ಎಸ್. ಜಿ. ವಾಸುದೇವ್ ಅವರ ಐವತ್ತು ವರ್ಷಕ್ಕೂ ಹೆಚ್ಚಿನ ಕೆಲಸವನ್ನು ಒಟ್ಟಿಗೆ ಇಟ್ಟಿದ್ದರು. ಕ್ಯಾನ್ವಾಸ್ ಇತ್ತು, ತಾಮ್ರದ ತಗಡಿನ ಮೇಲೆ ಉಬ್ಬಿಸಿ ಮಾಡಿದ ಕೆಲಸ ಇತ್ತು, ಗೆರೆ ಚಿತ್ರ ಇತ್ತು, ರೇಷ್ಮೆಯಲ್ಲಿ ನೇಯ್ದ ದೊಡ್ಡ ದೊಡ್ಡ ಪರದೆಗಳಿದ್ದವು. ಆ ನೇಯ್ಗೆಯ ಮುಂದೆ ನಾನು ನಿಂತುಬಿಟ್ಟೆ. ಅದನ್ನು ನೇಯ್ದವರು ಸುಬ್ಬರಾಯುಲು ಅನ್ನುವ ರೇಷ್ಮೆ ನೇಕಾರರು. ಚಿತ್ರ ಒಬ್ಬರದು, ಮಗ್ಗ ಇನ್ನೊಬ್ಬರದು, ಇಬ್ಬರೂ ವರ್ಷಗಟ್ಟಲೆ ಜೊತೆಗೆ ಕೂತು ಮಾಡಿದ್ದು. ನಮ್ಮ ಧಂದೆಯಲ್ಲಿ ಡಿಸೈನ್ ಮಾಡಿದವನ ಹೆಸರೇ ಕಾರ್ಡಿನ ಮೇಲೆ ಬರುವುದಿಲ್ಲ, ಇನ್ನು ಸ್ಕ್ರೀನಿನ ಮೇಲೆ ಇಂಕು ಎಳೆಯುವ ಸ್ಕ್ವೀಜಿ ಪಟ್ಟಿ ಹಿಡಿದವನನ್ನು ಯಾರು ಕೇಳುತ್ತಾರೆ! ಇಲ್ಲಿ ನೇಕಾರರ ಹೆಸರಿಗೂ ಜಾಗ ಇತ್ತು. ವಾಸುದೇವ್ ಇದನ್ನು ಎಲ್ಲಿ ಕಲಿತರು ಅಂತ ಕುತೂಹಲ ಆಯಿತು. ಹುಡುಕುತ್ತಾ ಹೋದರೆ ಉತ್ತರ ಚೋಳಮಂಡಲಕ್ಕೆ ಬಂದು ನಿಂತಿತು.

ವಾಸುದೇವ್ ಮೈಸೂರಿನವರು, 1941ರಲ್ಲಿ ಹುಟ್ಟಿದವರು. 1960ರ ದಶಕದಲ್ಲಿ ಮದ್ರಾಸಿನ ಸರ್ಕಾರಿ ಕಲಾ ಕಾಲೇಜಿನಲ್ಲಿ ಓದಿದರು. ಆಗ ಅಲ್ಲಿ ಪ್ರಿನ್ಸಿಪಾಲರಾಗಿದ್ದವರು ಕೆ. ಸಿ. ಎಸ್. ಪಣಿಕ್ಕರ್. ಪಣಿಕ್ಕರ್‌ಗೆ ಒಂದು ಚಿಂತೆ ಹತ್ತಿತ್ತು. ಈ ಹುಡುಗರು ಆರು ವರ್ಷ ಬಣ್ಣ ಕಲಸಿ, ರೇಖೆ ತಿದ್ದಿ, ಪ್ರಮಾಣಪತ್ರ ತಗೊಂಡು ಹೊರಗೆ ಹೋಗುತ್ತಾರೆ. ಆಮೇಲೆ? ಒಬ್ಬ ಜಾಹೀರಾತು ಕಂಪನಿ ಸೇರುತ್ತಾನೆ, ಇನ್ನೊಬ್ಬ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗುತ್ತಾನೆ, ಮತ್ತೊಬ್ಬ ನೇಕಾರರ ಸೇವಾ ಕೇಂದ್ರದಲ್ಲಿ ಸೀರೆ ಡಿಸೈನ್ ಮಾಡುತ್ತಾನೆ. ಕೆಲಸ ಏನೋ ಸಿಗುತ್ತದೆ, ಚಿತ್ರ ಬಿಡಿಸುವುದು ನಿಂತುಹೋಗುತ್ತದೆ. ಮದ್ರಾಸಿನಲ್ಲಿ ಆಗ ಹೊಸ ಬಗೆಯ ಚಿತ್ರ ಕೊಳ್ಳುವವರು ಬೆರಳೆಣಿಕೆ ಜನ. ಚಿತ್ರ ಮಾರಿ ಬದುಕುತ್ತೇನೆ ಅಂದರೆ ಮನೆಯವರು ನಗುವ ಕಾಲ. ಈಗ ನಗುವುದಿಲ್ಲ ಅಂತಲ್ಲ, ಸ್ವಲ್ಪ ಮರೆಯಲ್ಲಿ ನಗುತ್ತಾರೆ.

ಪಣಿಕ್ಕರ್ ಮತ್ತು ಅವರ ಶಿಷ್ಯರು ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿದ್ದು. ಕಲಾವಿದರ ಕರಕುಶಲ ಸಂಘ ಅಂತ ಒಂದು ಮಾಡಿಕೊಂಡರು. ಬಟಿಕ್ ಬಟ್ಟೆ, ಚರ್ಮದ ಕೆಲಸ, ಲೋಹದ ಕೆಲಸ, ಮಣ್ಣಿನ ಕೆಲಸ, ಹೀಗೆ ಜನ ಕೊಳ್ಳುವಂಥದ್ದನ್ನು ಕೈಯಾರೆ ಮಾಡಿ ಮಾರಿದರು. ಅದರಲ್ಲೂ ಬಟಿಕ್ ಚೆನ್ನಾಗಿ ಹೋಯಿತು. ಆ ದುಡ್ಡನ್ನು ಒಟ್ಟು ಹಾಕಿ 1966ರಲ್ಲಿ ಇಂಜಂಬಾಕ್ಕಂನಲ್ಲಿ ಸಮುದ್ರದ ಹತ್ತಿರ ಹತ್ತು ಎಕರೆ ಆಸುಪಾಸಿನ ಜಾಗ ಕೊಂಡರು. ಸರ್ಕಾರ ಕೊಟ್ಟ ಜಾಗ ಅಲ್ಲ. ಯಾವ ಸೇಠ್ ದಾನ ಮಾಡಿದ್ದೂ ಅಲ್ಲ. ಹೊತ್ತಿನಲ್ಲಿ ಒಂದು ಭಾಗ ಬಟಿಕ್, ಉಳಿದ ಭಾಗ ಸ್ವಂತ ಚಿತ್ರ. ಬಟಿಕ್ ಅಡುಗೆಮನೆ ನೋಡಿಕೊಳ್ಳುತ್ತದೆ, ಚಿತ್ರ ಯಾರ ಹಂಗೂ ಇಲ್ಲದೆ ನಡೆಯುತ್ತದೆ. ಇದನ್ನು ಓದಿದ ದಿನ ನಾನು ಅಂಗಡಿಯಲ್ಲಿ ಸುಮಾರು ಹೊತ್ತು ಕೂತು ಯೋಚಿಸಿದೆ. ನಾನೂ ಹುಡುಗನಾಗಿದ್ದಾಗ ಚಿತ್ರ ಬಿಡಿಸುತ್ತಿದ್ದೆ. ಕಾರ್ಡು ಅಡುಗೆಮನೆ ನೋಡಿಕೊಂಡಿತು. ಚಿತ್ರಕ್ಕೆ ಅಂತ ಉಳಿದ ಹೊತ್ತನ್ನು ನಾನು ಏನು ಮಾಡಿದೆ ಅಂತ ಕೇಳಬೇಡಿ.

ಬಟಿಕ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಸ್ಕ್ರೀನ್ ಕೆಲಸಕ್ಕೆ ದಾಯಾದಿ ಇದ್ದ ಹಾಗೆ. ನಾವು ಇಂಕು ಬೀಳಬಾರದ ಜಾಗಕ್ಕೆ ಸ್ಕ್ರೀನಿನ ಮೇಲೆ ಎಮಲ್ಷನ್ ಕೂರಿಸಿ ಮುಚ್ಚುತ್ತೇವೆ. ಬಟಿಕ್‌ನಲ್ಲಿ ಬಣ್ಣ ಹತ್ತಬಾರದ ಜಾಗಕ್ಕೆ ಬಟ್ಟೆಯ ಮೇಲೇ ಕರಗಿದ ಮೇಣ ಹಚ್ಚುತ್ತಾರೆ. ಆಮೇಲೆ ಬಟ್ಟೆಯನ್ನು ಬಣ್ಣದ ನೀರಿಗೆ ಅದ್ದುವುದು. ಮೇಣ ಇರುವ ಕಡೆ ಬಣ್ಣ ಹತ್ತುವುದಿಲ್ಲ. ಒಣಗಿಸಿ ಮತ್ತೆ ಮೇಣ, ಮತ್ತೆ ಇನ್ನೊಂದು ಬಣ್ಣ. ಯಾವಾಗಲೂ ತಿಳಿ ಬಣ್ಣದಿಂದ ಶುರು ಮಾಡಿ ಗಾಢ ಬಣ್ಣಕ್ಕೆ ಹೋಗಬೇಕು, ತಿರುಗಿ ಬರುವ ದಾರಿ ಇಲ್ಲ. ಬಣ್ಣದ ನೀರು ತಣ್ಣಗೇ ಇರಬೇಕು, ಬಿಸಿಯಾದರೆ ಮೇಣ ಕರಗಿ ಎಲ್ಲ ಕೆಡುತ್ತದೆ. ಮೇಣ ಒಣಗಿ ಬಿರುಕು ಬಿಟ್ಟ ಕಡೆ ಬಣ್ಣ ಒಳಗೆ ಇಳಿದು ಕೂದಲೆಳೆಯಂಥ ಗೆರೆಗಳು ಬರುತ್ತವೆ. ನಮ್ಮಲ್ಲಿ ಹಾಗೆ ಒಂದು ಗೆರೆ ಬಂದರೆ ಗಿರಾಕಿ ಇಡೀ ಬಂಡಲ್ ವಾಪಸ್ ಕೊಡುತ್ತಾನೆ. ಅಲ್ಲಿ ಅದೇ ಚೆಂದ! ಕೊನೆಗೆ ಕುದಿಯುವ ನೀರಿಗೆ ಹಾಕಿ ಮೇಣ ಬಿಡಿಸುವುದು. ಒಂದು ಒಳ್ಳೆಯ ತುಂಡಿಗೆ ದಿನಗಟ್ಟಲೆ ಬೇಕು. ಇದನ್ನು ಮಾಡುತ್ತಾ ಮಾಡುತ್ತಾ ಒಂದು ಊರನ್ನೇ ಕೊಂಡುಕೊಂಡರು ಅಂದರೆ ಸೊಂಟ ಎಷ್ಟು ನೊಂದಿರಬೇಕು ಅಂತ ನನಗೆ ಅಂದಾಜಿದೆ.

ಇಷ್ಟು ಓದಿಕೊಂಡು ಹೋದೆ. ಆಟೋದವರಿಗೆ 'ಆರ್ಟಿಸ್ಟ್ಸ್ ವಿಲೇಜ್' ಅಂದೆ. ಅವರು ತಲೆಯಾಡಿಸಿ ಮುಟ್ಟುಕಾಡಿನ ದಕ್ಷಿಣಚಿತ್ರದ ಕಡೆ ಹೊರಟುಬಿಟ್ಟರು. ಇಂಜಂಬಾಕ್ಕಂ ಹಿಂದೆ ಹೋದ ಮೇಲೆ ನನಗೆ ಅನುಮಾನ ಬಂದು ತಿರುಗಿಸಿದೆವು. ತಿರುಗಿಸಿದ್ದಕ್ಕೆ ಇನ್ನೂ ನೂರು ರೂಪಾಯಿ. ನೀವು ಹೋದರೆ 'ಚೋಳಮಂಡಲಂ, ಇಂಜಂಬಾಕ್ಕಂ' ಅಂತ ಎರಡು ಸಲ ಹೇಳಿ. ದಕ್ಷಿಣಚಿತ್ರ ಬೇರೆ, ಅದು ದಕ್ಷಿಣದ ರಾಜ್ಯಗಳ ಹಳೇ ಮನೆಗಳನ್ನು ತಂದು ಮತ್ತೆ ಕಟ್ಟಿರುವ ಜಾಗ. ಮಕ್ಕಳನ್ನು ಕರೆದುಕೊಂಡು ಹೋಗಿ ದಿನ ಕಳೆಯಬೇಕು, ಬಳೆ ಕೊಳ್ಳಬೇಕು, ಬೊಂಬೆಯಾಟ ನೋಡಬೇಕು ಅನ್ನುವವರು ಅಲ್ಲಿಗೇ ಹೋಗಿ. ಚೋಳಮಂಡಲ ಹಾಗಿಲ್ಲ. ಇದು ನಿಜಕ್ಕೂ ಜನ ವಾಸ ಮಾಡುವ ಊರು. ಮರಗಳ ನಡುವೆ ಮನೆಗಳು, ಮನೆ ಮುಂದೆ ಕಲ್ಲಿನ ಶಿಲ್ಪ, ಪಕ್ಕದ ಹಗ್ಗದಲ್ಲಿ ಬಟ್ಟೆ ಒಣಗಲು ಹಾಕಿರುತ್ತಾರೆ. ಯಾರದೋ ಮನೆಯ ಕುಕ್ಕರ್ ಕೂಗುತ್ತಿರುತ್ತದೆ. ಯಾವುದು ಪ್ರದರ್ಶನ, ಯಾವುದು ಸಂಸಾರ ಅಂತ ಗೊತ್ತಾಗದೆ ನಾವು ಮೊದಲು ಸ್ವಲ್ಪ ಹಿಂಜರಿದೆವು. ಮ್ಯೂಸಿಯಂ, ಗ್ಯಾಲರಿ, ಶಿಲ್ಪಗಳ ತೋಟ ಎಲ್ಲರಿಗೂ ತೆರೆದಿರುತ್ತವೆ. ಮನೆಗಳ ಬಾಗಿಲು ತಟ್ಟಲು ಹೋಗಬೇಡಿ.

ಮ್ಯೂಸಿಯಂ ಶುರುವಾಗಿದ್ದು 2009ರಲ್ಲಿ. ಮದ್ರಾಸ್ ಕಲಾ ಚಳವಳಿ ಅಂತ ಕರೆಯುವ ಆ ಇಡೀ ಕಾಲದ ಕೆಲಸ ಇಲ್ಲಿದೆ. ಮೊದಲು ಪಣಿಕ್ಕರ್. ಅವರ 'ಪದಗಳು ಮತ್ತು ಸಂಕೇತಗಳು' ಸರಣಿಯ ಮುಂದೆ ನನ್ನ ಹೆಂಡತಿ ನಿಂತಳು. ಜಾತಕದ ಮನೆಗಳಂಥ ಚೌಕಗಳು, ಗಣಿತದ ಗುರುತಿನಂಥವು, ಸಣ್ಣ ಸಣ್ಣ ಅಕ್ಷರಗಳ ಸಾಲು. ಅವಳು ಕನ್ನಡಕ ಸರಿಮಾಡಿಕೊಂಡು ಓದಲು ನೋಡಿದಳು. "ಇದು ಮಲಯಾಳಂ ಇರಬೇಕು ಅಲ್ವಾ?" ಮಲಯಾಳಂ ಥರವೇ ಕಾಣುತ್ತದೆ, ಆದರೆ ಓದಲು ಆಗುವುದಿಲ್ಲ. ಓದಲಿ ಅಂತ ಬರೆದಿದ್ದೇ ಅಲ್ಲ. ಅಕ್ಷರವನ್ನು ಅಕ್ಷರದ ರೂಪಕ್ಕಾಗಿ ಮಾತ್ರ ಬರೆದದ್ದು. ಲಗ್ನಪತ್ರಿಕೆ ಪ್ರೂಫ್ ತಿದ್ದಿ ತಿದ್ದಿ ಕಣ್ಣು ಹೋಗಿರುವ ನನಗೆ, ತಪ್ಪು ಹುಡುಕಲಾಗದ ಅಕ್ಷರ ನೋಡಿ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ಆಮೇಲೆ ಕೆ. ರಾಮಾನುಜಂ. ಇವರ ಮುಂದೆಯೇ ನಮ್ಮ ಅರ್ಧ ಗಂಟೆ ಮುಗಿದಿದ್ದು. ಇಂಕಿನಲ್ಲಿ ಕೂದಲಿಗಿಂತ ಸಣ್ಣ ಗೆರೆಗಳಲ್ಲಿ ಕಟ್ಟಿದ ಕನಸಿನ ಪಟ್ಟಣಗಳು, ಗೋಪುರ, ಅರಮನೆ, ಹಾವು, ಹಾರುವ ಪ್ರಾಣಿಗಳು, ನಡುವೆ ಟೋಪಿ ಹಾಕಿದ ಒಬ್ಬ ಪುಟ್ಟ ಮನುಷ್ಯ. ಆ ಟೋಪಿಯವರು ಅವರೇ. ಮನಸ್ಸಿನ ಕಾಯಿಲೆಯಿಂದ ತುಂಬಾ ನರಳಿದವರು, ಮಾತು ಕಡಿಮೆ, 1973ರಲ್ಲಿ ಇನ್ನೂ ಚಿಕ್ಕ ವಯಸ್ಸಿಗೇ ಜೀವ ಕಳೆದುಕೊಂಡರು. ನನ್ನ ಹೆಂಡತಿ ಆ ಚಿತ್ರಗಳನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಾ ಹೋದಳು. ಮಹಾಬಲಿಪುರಂ ಮಾತೇ ಎತ್ತಲಿಲ್ಲ. ನಾನು ಒಂದು ಸಲ ಗಡಿಯಾರ ತೋರಿಸಿದೆ, "ಇರ್ರೀ" ಅಂದಳು ಅಷ್ಟೇ. ಕಲಾವಿದರ ಸಂಘ ಅಂದ ಕೂಡಲೇ ನಾವು ಕಾರ್ಯದರ್ಶಿ, ಖಜಾಂಚಿ, ವಾರ್ಷಿಕ ಸಭೆ ಅಂತ ಯೋಚಿಸುತ್ತೇವೆ. ರಾಮಾನುಜಂ ಅಂಥವರು ಹೊರಗಿನ ಲೋಕದಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕಿ ಸಂದರ್ಶನಕ್ಕೆ ಹೋಗುವುದನ್ನು ನೆನೆಸಿಕೊಳ್ಳಿ. ಈ ಊರಲ್ಲಿ ಅವರಿಗೆ ಒಂದು ಮೇಜು ಇತ್ತು, ಸುತ್ತ ಅವರ ಗೆರೆಯ ಬೆಲೆ ಗೊತ್ತಿದ್ದ ಜನ ಇದ್ದರು. ಅದೂ ಕೊನೆಗೆ ಸಾಲಲಿಲ್ಲ, ನಿಜ.

ಜೆ. ಸುಲ್ತಾನ್ ಅಲಿ, ಸೇನಾಧಿಪತಿ, ಹರಿದಾಸನ್, ಗೋಪಿನಾಥ್, ಪ್ಯಾರಿಸ್‌ಗೆ ಹೋಗಿ ನೆಲೆಸಿದ ವಿಶ್ವನಾಥನ್, ಎಲ್ಲರ ಬಗ್ಗೆ ಬರೆಯಲು ನನಗೆ ಶಕ್ತಿ ಇಲ್ಲ. ಒಂದನ್ನು ಮಾತ್ರ ಹೇಳಬೇಕು, ಲೋಹದ ಕೆಲಸ. ತಾಮ್ರ, ಹಿತ್ತಾಳೆ ತಗಡನ್ನು ಬಡಿದು, ಬೆಸೆದು ಮಾಡಿದ ಶಿಲ್ಪಗಳು. ಪಣಿಕ್ಕರ್ ಮಗ ನಂದಗೋಪಾಲ್ ಮಾಡಿದವು ಎದುರಿನಿಂದ ನೋಡಲಿಕ್ಕೆ ಅಂತಲೇ ಇವೆ, ಸುತ್ತು ಬಂದು ನೋಡುವ ಶಿಲ್ಪಗಳಲ್ಲ. ಮೊದಲು ವಿಚಿತ್ರ ಅನ್ನಿಸಿತು. ಆಮೇಲೆ ಹೊಳೆಯಿತು, ನಮ್ಮ ದೇವಸ್ಥಾನದಲ್ಲಿ ಪ್ರಭಾವಳಿಯನ್ನು, ಬೆಳ್ಳಿ ಕವಚವನ್ನು ಯಾರಾದರೂ ಹಿಂದಿನಿಂದ ನೋಡುತ್ತಾರಾ? ಮಂಗಳಾರತಿ ಹೊತ್ತಲ್ಲಿ ಎದುರಿಗೆ ನಿಂತು ನೋಡುವ ಕಣ್ಣು ಅದು. ವಾಸುದೇವ್ ಅವರ ತಾಮ್ರದ ಉಬ್ಬು ಕೆಲಸವೂ ಇದೇ ಮನೆತನದ್ದು. ಬೆಂಗಳೂರಿನಲ್ಲಿ ನೋಡಿದಾಗ ಅವು ಅವರೊಬ್ಬರದೇ ಹೊಸ ಉಪಾಯ ಅಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ಅವರ ಅಣ್ಣತಮ್ಮಂದಿರೆಲ್ಲ ಒಂದೇ ಕಡೆ ಸಿಕ್ಕ ಹಾಗಾಯಿತು. ಅಕ್ಕಪಕ್ಕದ ಮನೆಯವರು ಲೋಹ ಬಡಿಯುತ್ತಿದ್ದರೆ ಕೈ ಸುಮ್ನೆ ಇರುತ್ತದಾ?

ವಾಸುದೇವ್ ಮೊದಲಿಂದಲೂ ಈ ಊರು ಕಟ್ಟಿದವರಲ್ಲಿ ಒಬ್ಬರು. ಅವರ ಹೆಂಡತಿ ಅರ್ನವಾಜ್ ಕೂಡ ಕಲಾವಿದೆ, ಗೆರೆ ಚಿತ್ರ ಮತ್ತು ತಾಮ್ರದ ಕೆಲಸ ಇಬ್ಬರೂ ಮಾಡುತ್ತಿದ್ದರು. 1988ರಲ್ಲಿ ಅರ್ನವಾಜ್ ತೀರಿಕೊಂಡರು, ಅದೇ ವರ್ಷ ವಾಸುದೇವ್ ಬೆಂಗಳೂರಿಗೆ ಬಂದರು. ಇಷ್ಟು ವರ್ಷ ಒಂದು ಊರಿನಲ್ಲಿ ಬದುಕಿದವರು ಅಲ್ಲಿಂದ ಏಳುವಾಗ ಏನೇನು ಹೊತ್ತು ತಂದರೋ ಗೊತ್ತಿಲ್ಲ, ಜೊತೆಗೂಡಿ ಕೆಲಸ ಮಾಡುವ ಅಭ್ಯಾಸವನ್ನಂತೂ ತಂದಿದ್ದಾರೆ. ಆ ರೇಷ್ಮೆ ನೇಯ್ಗೆಯ ಬೇರು ಎಲ್ಲಿದೆ ಅಂತ ನನಗೆ ಗೊತ್ತಾಗಿದ್ದು ಬಟಿಕ್ ಕತೆ ತಿಳಿದ ಮೇಲೆ. ಕಸುಬುದಾರನ ಪಕ್ಕ ಕೂತು ಕೆಲಸ ಮಾಡಿದರೆ ಕಲಾವಿದನ ಮರ್ಯಾದೆ ಕಮ್ಮಿ ಆಗುವುದಿಲ್ಲ ಅಂತ ಆ ಮರಳಿನ ಮೇಲೆ ಕಲಿತವರು ಅವರು.

ಇನ್ನೊಂದು ಕನ್ನಡದ ಎಳೆ ಇದೆ, ಇದನ್ನು ಬಹಳ ಜನ ಮರೆತಿದ್ದಾರೆ. 'ಸಂಸ್ಕಾರ' ಸಿನಿಮಾದ ಕಲಾ ನಿರ್ದೇಶಕರು ಇದೇ ವಾಸುದೇವ್. 1970ರ ಸಿನಿಮಾ ಅದು. ಅದನ್ನು ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿ, ನಟಿಸಿದ ಸ್ನೇಹಲತಾ ರೆಡ್ಡಿ ಆಗ ಮದ್ರಾಸಿನಲ್ಲಿದ್ದವರು. ಗಿರೀಶ ಕಾರ್ನಾಡರೂ ಆ ವರ್ಷಗಳಲ್ಲಿ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಕೆಲಸ ಮಾಡುತ್ತಿದ್ದರು. ಮಲೆನಾಡಿನ ಅಗ್ರಹಾರದ ಕತೆಯನ್ನು ತೆರೆಗೆ ತಂದ ಗುಂಪಿನ ಅರ್ಧ ಜನ ಸಿಕ್ಕುತ್ತಿದ್ದದ್ದು ಮದ್ರಾಸಿನಲ್ಲಿ! ನಾಟಕದವರು, ಬರೆಯುವವರು, ಚಿತ್ರ ಬಿಡಿಸುವವರು ಒಬ್ಬರ ಮನೆಗೆ ಒಬ್ಬರು ಹೋಗಿ ಬಂದು ಮಾಡುತ್ತಿದ್ದರು. ಚೋಳಮಂಡಲದಲ್ಲೂ ಭಾರತಿ ಅನ್ನುವ ಬಯಲು ರಂಗಮಂದಿರ ಇದೆ. ಅದರ ಮೆಟ್ಟಿಲ ಮೇಲೆ ನೆರಳು ಹುಡುಕಿಕೊಂಡು ಕೂತು ನಾವು ಮದುವೆ ಮನೆಯಿಂದ ಕಟ್ಟಿಸಿಕೊಂಡು ಬಂದಿದ್ದ ಮೈಸೂರ್ ಪಾಕ್ ತಿಂದೆವು. ಮೈಸೂರ್ ಪಾಕ್ ಮೃದುವಾಗಿತ್ತು, ಚೆನ್ನೈಯವರು ಹಾಗೇ ಮಾಡುತ್ತಾರೆ. ನನಗೆ ಗಟ್ಟಿ ಇರಬೇಕು, ಕಡಿದರೆ ಸದ್ದು ಬರಬೇಕು. ಈ ವಿಷಯಕ್ಕೆ ಐದಕ್ಕೆ ಎರಡು.

ಅಲ್ಲಿ ಕೂತಾಗ ಬೆಂಗಳೂರಿನ ನೆನಪು ಬಂತು. ನಮ್ಮಲ್ಲಿ ಏನಿಲ್ಲ? 1960ರ ದಶಕದಲ್ಲೇ ಹಡಪದ್ ಮೇಷ್ಟ್ರು ಕೆನ್ ಕಲಾಶಾಲೆ ಶುರು ಮಾಡಿ ಎಷ್ಟು ಹುಡುಗರನ್ನು ತಯಾರು ಮಾಡಿದರು. ಚಿತ್ರಕಲಾ ಪರಿಷತ್ತು ಇದೆ, ಅದರ ಚಿತ್ರಸಂತೆ ದಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವೆಂಕಟಪ್ಪ ಗ್ಯಾಲರಿ ಖಾಸಗಿಯವರ ಕೈಗೆ ಹೋಗಬಾರದು ಅಂತ 2016ರಲ್ಲಿ ಕಲಾವಿದರು ಬೀದಿಗೆ ಬಂದು ಹಾಡಿ, ಬರೆದು, ಕುಣಿದು ಪ್ರತಿಭಟಿಸಿದ್ದನ್ನು ನಾನೇ ದಾರಿಯಲ್ಲಿ ಹೋಗುವಾಗ ನೋಡಿದ್ದೇನೆ. ಒಗ್ಗಟ್ಟು ಇದೆ, ಬೇಕಾದಾಗ ಬರುತ್ತದೆ. ಆದರೆ ಹೆಗಲಿಗೆ ಹೆಗಲು ಕೊಟ್ಟು ದಿನಾ ಬಟಿಕ್ ಅದ್ದಿ ಜಾಗ ಕೊಂಡಂಥದ್ದು ನಮ್ಮಲ್ಲಿ ಆಗಲಿಲ್ಲ. ಬೆಂಗಳೂರಿನ ಸೈಟಿನ ರೇಟು ನೋಡಿದರೆ ಇನ್ನು ಆಗುವುದೂ ಇಲ್ಲ ಬಿಡಿ. ಚೋಳಮಂಡಲದ ಸುತ್ತಲೂ ಈಗ ದೊಡ್ಡ ದೊಡ್ಡ ಬಂಗಲೆಗಳು ಎದ್ದಿವೆ. 1966ರಲ್ಲಿ ಊರ ಹೊರಗಿನ ಮರಳು ಅಂತ ಯಾರಿಗೂ ಬೇಡವಾಗಿದ್ದ ಜಾಗ ಅದು. ಕಲಾವಿದರ ವ್ಯಾಪಾರ ಬುದ್ಧಿ ಬಗ್ಗೆ ತಮಾಷೆ ಮಾಡುವವರು ಈ ಲೆಕ್ಕ ಒಂದು ಸಲ ಹಾಕಬೇಕು.

ನೋವಾಗುವ ಒಂದು ಮಾತೂ ಇದೆ. ಊರು ಕಟ್ಟಿದ ತಲೆಮಾರಿನವರಲ್ಲಿ ಬಹಳ ಮಂದಿ ಈಗಿಲ್ಲ. ಪಣಿಕ್ಕರ್ ಹೋಗಿದ್ದು 1977ರಲ್ಲಿ, ನಂದಗೋಪಾಲ್ 2017ರಲ್ಲಿ. ಹೊಟ್ಟೆಪಾಡಿಗೆ ಬಟಿಕ್ ಮಾಡಬೇಕಾದ ಕಾಲವೂ ಹೋಯಿತು. ಸುಮಾರು ಮೂವತ್ತು ಜನ ಒಟ್ಟಿಗೆ ಮೇಣ ಕಾಯಿಸುತ್ತಿದ್ದ ಗದ್ದಲ ಇರಬಹುದು ಅಂತ ನಿರೀಕ್ಷೆ ಇಟ್ಟುಕೊಂಡು ಹೋದರೆ ಸಿಗುವುದು ಮಧ್ಯಾಹ್ನದ ಮೌನ, ಕಾಗೆ, ದೂರದಲ್ಲಿ ರಸ್ತೆಯ ಹಾರ್ನು. ನನಗೆ ಆ ಮೌನವೂ ಇಷ್ಟವಾಯಿತು. ನಿಮಗೆ ಆಗದೇ ಇರಬಹುದು.

ಇನ್ನು ಕೊಳ್ಳುವ ವಿಷಯ. ಗ್ಯಾಲರಿಯಲ್ಲಿ ಚಿತ್ರಗಳು ಮಾರಾಟಕ್ಕೂ ಇರುತ್ತವೆ. ದೊಡ್ಡ ಕ್ಯಾನ್ವಾಸ್‌ಗಳ ಬೆಲೆ ಕೇಳುವ ಧೈರ್ಯ ನಾನು ಮಾಡಲಿಲ್ಲ. ಒಂದು ಪುಟ್ಟ ಎಚಿಂಗ್ (ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಕಾಗದಕ್ಕೆ ಒತ್ತಿ ತೆಗೆದ ಚಿತ್ರ) ತಗೊಂಡೆ, ಅಂಗೈಯಗಲ, ಒಂದು ಮರ, ಮರದ ಕೆಳಗೆ ಮೇಕೆ. ಕೊಟ್ಟ ದುಡ್ಡು ಎಷ್ಟು ಅಂತ ಹೇಳುವುದಿಲ್ಲ, ನನ್ನ ಹೆಂಡತಿ ಇದನ್ನು ಓದುತ್ತಾಳೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಎಷ್ಟರಲ್ಲಿ ಎಷ್ಟನೆಯ ಪ್ರತಿ ಅಂತ ನಂಬರ್ ಹಾಕಿ ಸಹಿ ಮಾಡಿರುತ್ತಾರೆ, ಅದನ್ನು ನೋಡಿಕೊಂಡು ತಗೊಳ್ಳಿ. ಒಳ್ಳೆಯ ಎಚಿಂಗ್‌ನಲ್ಲಿ ತಗಡಿನ ಅಂಚು ಕಾಗದದಲ್ಲಿ ಒತ್ತಿಕೊಂಡು ಕೂತಿರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಹಾಗಂತ ಬೆರಳಾಡಿಸಬೇಡಿ, ಅವರು ಬೈಯುತ್ತಾರೆ, ಬೈಯಲೇಬೇಕು. ಓರೆಯಾಗಿ ಬೆಳಕಿಗೆ ಹಿಡಿದು ನೋಡಿ ಸಾಕು. ಒಯ್ಯುವಾಗ ಸುರುಳಿ ಸುತ್ತಬೇಡಿ, ಎರಡು ರಟ್ಟಿನ ನಡುವೆ ಇಟ್ಟು ಟೇಪ್ ಹಾಕಿಸಿ. ನಾನು ರೈಲಿನಲ್ಲಿ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ, ಅರ್ಥಾತ್ ಮಲಗಲಿಲ್ಲ.

ಇಷ್ಟೆಲ್ಲ ಜಾಣತನ ತೋರಿಸಿದವನು ಬೆಂಗಳೂರಿಗೆ ಬಂದು ಏನು ಮಾಡಿದೆ? ಒಂದು ಫ್ರೇಮ್ ಅಂಗಡಿಗೆ ಕೊಟ್ಟು ಬಂದೆ. ಅಂಗಡಿ ಹೆಸರು ಬೇಡ, ಪಾಪ, ವಯಸ್ಸಾದವರು, ದೇವರ ಪಟಕ್ಕೆ ಕಟ್ಟು ಹಾಕಿ ಹಾಕಿ ರೂಢಿಯಾದವರು. ನಾಲ್ಕು ದಿನ ಬಿಟ್ಟು ಹೋದರೆ ಎಚಿಂಗ್ ಅನ್ನು ಗೋಂದು ಹಚ್ಚಿ ಹಾರ್ಡ್‌ಬೋರ್ಡಿಗೆ ಅಂಟಿಸಿಬಿಟ್ಟಿದ್ದರು. ಗಾಜು ನೇರವಾಗಿ ಕಾಗದಕ್ಕೆ ಒತ್ತಿಕೊಂಡಿತ್ತು. ಫ್ರೇಮಿನೊಳಗೆ ಕೂರಲಿ ಅಂತ ಅಂಚಿನ ಕಾಗದವನ್ನು ಕತ್ತರಿಸಿಯೂ ಇದ್ದರು. ನಂಬರ್ ಹೋಯಿತು, ಸಹಿಯಲ್ಲಿ ಅರ್ಧ ಹೋಯಿತು. "ನೀಟಾಗಿ ಬಂದಿದೆ ನೋಡಿ ಸಾರ್" ಅಂದರು. ನೀಟಾಗಿಯೇ ಬಂದಿತ್ತು. ನಾನು ಅವರನ್ನು ಬೈಯಲಿಲ್ಲ. ಕಾಗದದ ಮೇಲೆ ಇಂಕು ಹಾಕಿ ಮೂವತ್ತು ವರ್ಷ ಅನ್ನ ತಿಂದವನು ನಾನು, ಎದುರಿಗೆ ನಿಂತು ಹೇಳಿಸಿಕೊಡಬೇಕಾದದ್ದು ನನ್ನ ಕೆಲಸ. ನೀವಾದರೂ ಹೇಳಿ: ಅಂಟಿಸಬೇಡಿ, ಮೇಲಿನ ಅಂಚಿಗೆ ಎರಡು ಸಣ್ಣ ಕಾಗದದ ಕೀಲು ಕೊಟ್ಟು ತೂಗುಹಾಕಿ. ಸುತ್ತ ಆಮ್ಲ ಇಲ್ಲದ ದಪ್ಪ ರಟ್ಟಿನ ಮೌಂಟ್ ಹಾಕಿ, ಗಾಜು ಕಾಗದಕ್ಕೆ ತಾಗದ ಹಾಗೆ. ತಾಗಿದರೆ ಬೆಂಗಳೂರಿನ ಮಳೆಗಾಲಕ್ಕೇ ಬೂಷ್ಟು ಹಿಡಿಯುತ್ತದೆ. ಅಂಚನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಇದನ್ನು ಚೀಟಿಯಲ್ಲಿ ಬರೆದು ಚಿತ್ರದ ಜೊತೆ ಕೊಡಿ, ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ.

ಹೋಗುವವರಿಗೆ ಇನ್ನೆರಡು ಮಾತು. ಬೆಂಗಳೂರಿನಿಂದ ಶತಾಬ್ದಿಯೋ ವಂದೇ ಭಾರತೋ ಹಿಡಿದರೆ ಒಂದೇ ದಿನದಲ್ಲಿ ಹೋಗಿ ಬರುವುದು ಲೆಕ್ಕದಲ್ಲಿ ಆಗುತ್ತದೆ, ದೇಹಕ್ಕೆ ಆಗುವುದಿಲ್ಲ. ಒಂದು ರಾತ್ರಿ ಉಳಿಯಿರಿ. ಡಿಸೆಂಬರ್, ಜನವರಿ ಒಳ್ಳೆಯದು. ನೀರಿನ ಬಾಟಲಿ, ಟೋಪಿ ಇರಲಿ. ಶಿಲ್ಪಗಳು ಬಯಲಲ್ಲಿವೆ, ಮೇ ತಿಂಗಳಲ್ಲಿ ಲೋಹದ ಶಿಲ್ಪದ ಹತ್ತಿರ ನಿಂತರೂ ಝಳ ಹೊಡೆಯುತ್ತದೆ. ಮ್ಯೂಸಿಯಂಗೆ ಬೆಳಿಗ್ಗೆಯೇ ಹೋಗಿ. ಮಕ್ಕಳಿಗೆ ಬೇಜಾರಾಗಬಹುದು, ಚಿತ್ರ ಬಿಡಿಸುವ ಮಕ್ಕಳಾದರೆ ರಾಮಾನುಜಂ ಚಿತ್ರಗಳ ಮುಂದೆ ಬಿಟ್ಟುಬಿಡಿ, ಅವರೇ ನೋಡಿಕೊಳ್ಳುತ್ತಾರೆ. ಮಹಾಬಲಿಪುರಂ ಕೂಡ ಅದೇ ದಿನ ಅಂತ ಮನೆಯಲ್ಲಿ ಮಾತು ಕೊಡಬೇಡಿ. ನಾವು ಹೋಗಲೇ ಇಲ್ಲ. ಇದು ನನ್ನ ತಪ್ಪು ಅಲ್ಲ ಅಂತ ಮತ್ತೊಮ್ಮೆ ಹೇಳುತ್ತೇನೆ.

ಮೇಕೆಯ ಎಚಿಂಗ್ ಈಗ ಅಂಗಡಿಯಲ್ಲಿದೆ, ಸ್ಕ್ರೀನ್ ಎಕ್ಸ್‌ಪೋಸ್ ಮಾಡುವ ಮೇಜಿನ ಮೇಲಿನ ಗೋಡೆಗೆ ಹಾಕಿದ್ದೇನೆ. ಹಾರ್ಡ್‌ಬೋರ್ಡಿನಿಂದ ಬಿಡಿಸಲು ಹೋದರೆ ಇರುವುದೂ ಹರಿಯುತ್ತದೆ ಅಂತ ಹಾಗೇ ಬಿಟ್ಟೆ. ಮೊನ್ನೆ ಮಗನ ಉಪನಯನಕ್ಕೆ ಕಾರ್ಡು ಮಾಡಿಸಲು ಬಂದ ಒಬ್ಬರು ಆಲ್ಬಂ ತಿರುಗಿಸುತ್ತಾ ತಲೆಯೆತ್ತಿ ಅದನ್ನೇ ನೋಡಿದರು. ಹತ್ತಿರ ಹೋಗಿ ನೋಡಿದರು. ನನಗೆ ಖುಷಿಯಾಯಿತು, ಚೋಳಮಂಡಲದ ಕತೆಯೆಲ್ಲ ಹೇಳೋಣ ಅಂತ ಕುರ್ಚಿಯಿಂದ ಎದ್ದೆ. "ಇದು ಚೆನ್ನಾಗಿದೆ, ಇನ್ನೂರು ಕಾರ್ಡಿಗೆ ಎಷ್ಟಾಗುತ್ತೆ?" ಅಂತ ಕೇಳಿದರು. "ಆ ಮೇಕೆ ಮಾತ್ರ ತೆಗೆದು ಗಣಪತಿ ಹಾಕಿಕೊಡಿ."